ಗರಸಿನ ದಿಬ್ಬದ ಕಲ್ಲುಸಾಲು

ನಾನು ತಪ್ಪು ಬರೆದದ್ದು ಸಮೀಕ್ಷೆಯ ನಮೂನೆಯ ಹದಿನಾಲ್ಕನೆಯ ಕಾಲಮ್ಮಿನಲ್ಲಿ. ಮೇಲೆ 'ಜಾಗದ ಸದ್ಯದ ಬಳಕೆ' ಎಂದು ಅಚ್ಚಾಗಿತ್ತು. ಕೆಳಗೆ ನೀಲಿ ಪೆನ್ನಿನಲ್ಲಿ 'ಇಲ್ಲ' ಎಂದು ಬರೆದು ಮುಂದಿನ ಕಾಲಮ್ಮಿಗೆ ಹೋದೆ. ಬರೆಯಲು ಅರೆಗಳಿಗೆಯೂ ಹಿಡಿಯಲಿಲ್ಲ. ತಿದ್ದಲು ಒಂದು ಚಳಿಗಾಲ, ಒಂದು ಬೇಸಿಗೆ ಹಿಡಿಯಿತು.

ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ, ಬ್ಯಾಡಗಿ ಕಡೆಗೆ ಒಳದಾರಿ ಒಡೆಯುವಲ್ಲಿ ಒಂದು ಊರು. ಹೆಸರು ಬೇಡ ಎಂದು ಅಲ್ಲಿಯವರೇ ಹೇಳಿದ್ದಾರೆ, ಹಾಗಾಗಿ ಬೇಡ. ಆ ಊರಿನ ಮೂಡಲಿಗೆ ಒಂದು ಸಣ್ಣ ವಿಮಾನ ನಿಲ್ದಾಣ ಬರುವುದಿತ್ತು. ಅದಕ್ಕೆ ಹೋಗುವ ವಾಹನಗಳು ಹೆದ್ದಾರಿಯಲ್ಲಿ ನಿಲ್ಲದೆ, ಮೇಲ್ಸೇತುವೆ ಏರಿ, ಒಂದು ದೊಡ್ಡ ಸುತ್ತು ಹೊಡೆದು ಆಚೆ ಇಳಿಯುವ ಹಾಗೆ ಇಂಟರ್‌ಚೇಂಜ್ ಕಟ್ಟಬೇಕು. ಕಟ್ಟುವ ಮುಂಚೆ ಅಲ್ಲಿಯ ಗಾಳಿ, ನೀರು, ಮಣ್ಣು, ಗದ್ದಲ, ಗಿಡಮರ, ಜನ ಹೇಗಿದ್ದಾರೆಂದು ಬರೆದುಕೊಡುವುದು ನಮ್ಮ ಸಂಸ್ಥೆಯ ಕೆಲಸ. ಓಡಾಡಿ ಬರೆಯುವವಳು ನಾನು. ರಾಣೆಬೆನ್ನೂರಿನವಳು, ಸ್ಕೂಟರ್ ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಅಲ್ಲಿರುತ್ತೇನೆ. ಮನೆಯಲ್ಲಿ ನನಗೆ 'ಕಾಲಿಗೆ ಚಕ್ರ ಕಟ್ಟಿಕೊಂಡಾಕಿ' ಎಂದು ಹೆಸರು. ಕೂತರೆ ಏಳಬೇಕು, ಎದ್ದರೆ ಹೊರಡಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವ ಗಾದೆಯನ್ನು ನಮ್ಮವ್ವ ನನಗಾಗಿಯೇ ಇಟ್ಟುಕೊಂಡಿದ್ದಾಳೆ.

ಆ ಆಗಸ್ಟ್ ದಿನ ಜಿಟಿಜಿಟಿ ಮಳೆ. ಮುಗಿಸಿ ಮನೆ ಸೇರುವ ಆತುರ ನನಗೆ. ವಿಮಾನ ನಿಲ್ದಾಣದ ರಸ್ತೆಯ ಉತ್ತರಕ್ಕೆ ಒಂದು ಅಗಲವಾದ ದಿಬ್ಬವಿತ್ತು. ಸುತ್ತ ಕಣ್ಣು ಹಾಯಿಸಿದಷ್ಟೂ ಕಪ್ಪು ಮಣ್ಣಿನ ಎರೆಭೂಮಿ. ಇದೊಂದು ಮಾತ್ರ ಗರಸು, ಅಂದರೆ ಕೆಂಪುಮಿಶ್ರಿತ ಗಟ್ಟಿ ಕಲ್ಲುಮಣ್ಣು. ಮೊಣಕಾಲುದ್ದ ಹುಲ್ಲು, ಒಂದು ಬೇವಿನ ಮರ, ಮರದ ಬುಡಕ್ಕೆ ಮಂಡೆಗಾತ್ರದ ಕಲ್ಲುಗಳ ಗುಡ್ಡೆ. ಗುಡ್ಡೆಯ ಫೋಟೊ ತೆಗೆದು 'ಬಿಡಿ ಕಲ್ಲುಗಳು' ಎಂದು ಬರೆದುಕೊಂಡೆ. ಅಂಚಿನಲ್ಲಿ ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ಮಳೆಗೆ ತಲೆ ಮೇಲೆ ಕಂಬಳಿಯ ಗೊಪ್ಪೆ ಹಾಕಿಕೊಂಡು ಆಡು ಮೇಯಿಸುತ್ತಿದ್ದಳು.

"ದೊಡ್ಡವ್ವಾ, ಈ ಜಾಗಾ ಯಾರದು?" ಎಂದು ಕೇಳಿದೆ.

"ಸರಕಾರದ್ದರಿ."

"ಇಲ್ಲೆ ಏನರ ಮಾಡ್ತೀರೇನು? ಬೆಳಿ, ಕಣ, ಏನರ?"

ಆಕೆ ನನ್ನ ಬೂಟು ನೋಡಿದಳು, ಕೊರಳಿನ ಗುರುತಿನ ಚೀಟಿ ನೋಡಿದಳು, ಕೈಯಲ್ಲಿದ್ದ ಹಾಳೆ ನೋಡಿದಳು.

"ಏನಿಲ್ರಿ ಬಾಯಾರ. ಖಾಲಿ ಬಿದ್ದೈತಿ."

ಬರೆದೆ. ಸಹಿ ಹಾಕಿದೆ. ಸ್ಕೂಟರ್ ಹತ್ತಿದೆ.

ಆ 'ಇಲ್ಲ'ದ ಬೆಲೆ ಏನೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಸುತ್ತು ಹೊಡೆಯುವ ರಸ್ತೆಯನ್ನು ಎರಡು ಕಡೆ ಹಾಕಬಹುದಿತ್ತು. ಮೊದಲ ಆಯ್ಕೆ, ಉತ್ತರದ ಈ ದಿಬ್ಬ. ಎರಡನೆಯದು ದಕ್ಷಿಣಕ್ಕೆ, ಹಳ್ಳದ ದಂಡೆಯ ಎರೆಹೊಲ. ಅಲ್ಲಿ ಭೂಮಿ ಕೊಳ್ಳಬೇಕು, ಹಳ್ಳಕ್ಕೆ ಸೇತುವೆ ಕಟ್ಟಬೇಕು. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಮಣ್ಣನ್ನೆಲ್ಲ ತೆಗೆದು ಬೇರೆ ತುಂಬಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟು ಅಂಕ ಹಾಕುವ ಒಂದು ಪಟ್ಟಿ ವರದಿಯಲ್ಲಿರುತ್ತದೆ. ಗಟ್ಟಿ ನೆಲ, ಮನೆ ಇಲ್ಲ, ಒಂದೇ ಮರ, ಬಳಕೆ ಇಲ್ಲ. ದಿಬ್ಬ ಗೆದ್ದುಬಿಟ್ಟಿತು.

ಜನವರಿಯಲ್ಲಿ ಗಾಳಿ ಅಳೆಯಲು ಮತ್ತೆ ಹೋದೆ. ಮಳೆಗಾಲದ ಗಾಳಿ ತೊಳೆದ ಗಾಳಿ, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದಕ್ಕೇ ಚಳಿಗಾಲ. ಊರಿನ ಶಾಲೆಯ ಮಾಳಿಗೆ ಮೇಲೆ ಧೂಳು ಹಿಡಿಯುವ ಯಂತ್ರ ಇಟ್ಟೆವು. ಅದು ಗಾಳಿ ಎಳೆದುಕೊಂಡು ಒಂದು ಬಿಳಿ ಹಾಳೆಯ ಮೂಲಕ ಬಿಡುತ್ತದೆ. ಹಾಳೆಯನ್ನು ಮುಂಚೆ ತೂಗಿ, ಇಪ್ಪತ್ನಾಲ್ಕು ಗಂಟೆಯ ನಂತರ ಮತ್ತೆ ತೂಗಿದರೆ ಹೆಚ್ಚಾದದ್ದು ಧೂಳು. ನಡುವೆ ಕರೆಂಟ್ ಹೋದರೆ ಆ ಹಾಳೆ ರದ್ದು. ಅಲ್ಲಿ ಕರೆಂಟ್ ಹೋಗದ ದಿನ ಯಾವುದು? ಮೂರು ಸಲ ರದ್ದಾಯಿತು. ನಾನು ಏಣಿ ಹತ್ತಿ ಇಳಿದು, ಮೀಟರ್ ನೋಡಿ, ಮತ್ತೆ ಹತ್ತಿ, ಶಾಲೆಯ ಮಕ್ಕಳಿಗೆ ಪುಕ್ಕಟೆ ತಮಾಷೆಯಾದೆ.

ನಾಲ್ಕನೆಯ ಸಲ ಪೂರಾ ಓಡಿತು. ಹಾಳೆ ತೆಗೆದರೆ ಬೂದು ಬಣ್ಣ ಇರಬೇಕಾದಲ್ಲಿ ತಿಳಿಗೆಂಪು. ಲಕೋಟೆಗೆ ಹಾಕಿ ಪ್ರಯೋಗಾಲಯಕ್ಕೆ ಕಳಿಸಿದೆ. ಎರಡು ದಿನಕ್ಕೆ ಅಲ್ಲಿಂದ ಫೋನು: "ಮೇಡಂ, ಹಾಳೆಗೆ ಕುಂಕುಮ ಹಚ್ಚಿ ಕಳಿಸಿದೀರಾ?"

ಬೆಂಗಳೂರಿನಲ್ಲಿ ಕೂತು ಇಡೀ ವರದಿ ನೋಡಿಕೊಳ್ಳುವ ನಮ್ಮ ಸಂಯೋಜಕರು ಅಂದೇ ಮಾತಾಡಿದರು. "ಯಾರೋ ಪಕ್ಕದಲ್ಲಿ ಏನೋ ಕುಟ್ಟಿದಾರೆ ಕಣ್ರೀ. ಆ ರೀಡಿಂಗ್ ಬಿಟ್ಬಿಡಿ. ಮಷಿನ್ನನ್ನ ಬೇರೆ ಕಡೆ ಇಡಿ."

ಅವರು ಹೇಳಿದ್ದು ಪದ್ಧತಿಗೆ ವಿರುದ್ಧವೇನಲ್ಲ. ಆದರೆ ಮುಂದಿನ ಹಾಳೆಯೂ ಕೆಂಪಾಗಿ ಬಂತು. ಮಡಚುವಾಗ ಮೂರು ಸೀನು ಬಂದವು. ಈ ಸೀಮೆಯಲ್ಲಿ ಹುಟ್ಟಿದವಳಿಗೆ ಆ ಘಾಟನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಶಾಲೆಯ ಸುತ್ತ ಮೆಣಸಿನಕಾಯಿ ಕುಟ್ಟುವವರು ಯಾರೂ ಇರಲಿಲ್ಲ. ಗಾಳಿ ಮೂಡಲಿಂದ, ಹೆದ್ದಾರಿಯ ಆಚೆಯಿಂದ ಬೀಸುತ್ತಿತ್ತು. ಯಂತ್ರ ಎತ್ತಿಡುವ ಬದಲು ನಾನು ಗಾಳಿಗೆ ಎದುರಾಗಿ ಹೊರಟೆ.

ದಿಬ್ಬ ಹತ್ತಿದವಳು ನಿಂತುಬಿಟ್ಟೆ. ಹುಲ್ಲು ಕೆರೆದು ನೆಲ ಸಾರಿಸಿದಂತೆ ಮಾಡಿದ್ದರು. ಆ ನೆಲದ ಮೇಲೆಲ್ಲ ಬ್ಯಾಡಗಿ ಮೆಣಸಿನಕಾಯಿ, ಒಂದಂಗುಲ ಜಾಗ ಬಿಡದೆ. ನಡುನಡುವೆ ಕಲ್ಲಿನ ಸಾಲುಗಳು. ಒಂದೊಂದು ಮನೆಗೆ ಒಂದೊಂದು ಮಡಿ, ಎಣಿಸಿದರೆ ಹದಿನೆಂಟು. ಹೆಂಗಸರು ಸೊಂಟ ಬಗ್ಗಿಸಿ ಕಾಯಿ ಮಗುಚುತ್ತಿದ್ದರು. ಬೇವಿನ ನೆರಳಿನಲ್ಲಿ ನಾಲ್ಕಾರು ಜನ ಒಣಗಿದ ಕಾಯಿಯ ತುಂಬು ಬಿಡಿಸುತ್ತಿದ್ದರು, ತೊಟ್ಟು ಮುರಿದಾಗಲೆಲ್ಲ ಕೆಂಪು ಪುಡಿ ಗಾಳಿಗೇಳುತ್ತಿತ್ತು. ನನ್ನ ಹಾಳೆಗೆ ಹತ್ತಿದ ಕುಂಕುಮ ಅದು. ಮರದ ಬುಡದ ಕಲ್ಲಿನ ಗುಡ್ಡೆ ಮಾತ್ರ ಇರಲಿಲ್ಲ.

ಎಲ್ಲರಿಗೂ ಜಾಗ ತೋರಿಸುತ್ತಿದ್ದವಳು ಆಗಸ್ಟಿನ ಆ ದೊಡ್ಡವ್ವನೇ. ನನ್ನನ್ನು ನೋಡಿದ ಕೂಡಲೇ ಆಕೆಯ ಕೈ ನಿಂತಿತು.

"ಇವತ್ತ ಒಂದಿನ ಹಾಕೇವ್ರಿ," ಅಂದಳು. "ನಾಳೆ ತಗೀತೇವಿ."

ಕಾಲ ಬಳಿಯ ಕಾಯಿ ಎತ್ತಿ ನೋಡಿದೆ. ಸುಕ್ಕುಗಟ್ಟಿ ಗಲಗಲ ಅನ್ನುತ್ತಿತ್ತು. "ದೊಡ್ಡವ್ವಾ, ಇದಕ್ಕ ಹತ್ತು ದಿನ ಆಗೈತಿ."

ಆಕೆ ಬಗ್ಗಿ ಕಾಯಿ ಮಗುಚತೊಡಗಿದಳು. ಉಳಿದವರೂ ತಲೆ ಎತ್ತಲಿಲ್ಲ. ಅಷ್ಟು ಜನರ ನಡುವೆ ನನಗೆ ನಾಚಿಕೆಯಾಯಿತು. ನನ್ನ ಮೇಲೆ ಸಿಟ್ಟೂ ಬಂತು. ಮೆಣಸಿನಕಾಯಿ ಸೀಮೆಯ ಹುಡುಗಿ ಮಳೆಗಾಲದಲ್ಲಿ ಬಂದು 'ಕಣ ಇದೆಯೇ' ಎಂದು ಕೇಳಿದ್ದಳು.

ಮನೆಗೆ ಬಂದು ಆಗಸ್ಟಿನ ಫೋಟೊ ದೊಡ್ಡದು ಮಾಡಿ ನೋಡಿದೆ. ಗುಡ್ಡೆಯ ಮೇಲ್ತುದಿಗೆ ಒಂದು ಕಲ್ಲು, ಮೈಮೇಲೆ ಅಡ್ಡಕ್ಕೆ ಬಿಳಿ ಗೆರೆ. ಅದೇ ಕಲ್ಲನ್ನು ಮಧ್ಯಾಹ್ನ ದೊಡ್ಡವ್ವನ ಮಡಿಯ ಮೂಲೆಯಲ್ಲಿ ಕಂಡಿದ್ದೆ. 'ಬಿಡಿ ಕಲ್ಲುಗಳು' ಎಂದು ನಾನು ಬರೆದದ್ದು ಹದಿನೆಂಟು ಮನೆಗಳ ಗಡಿ.

ಸಂಯೋಜಕರಿಗೆ ಫೋನ್ ಮಾಡಿದೆ. ಅವರು ಕೆಟ್ಟವರಲ್ಲ, ದಿನಾಂಕಗಳ ಕೈಗೆ ಸಿಕ್ಕಿಹಾಕಿಕೊಂಡವರು.

"ಆಯ್ಕೆಗಳ ಪಟ್ಟಿ ಆಗಲೇ ಕಳಿಸಿ ಆಗಿದೆ. ಬಳಕೆ ಇಲ್ಲ ಅಂತ ಸಹಿ ಮಾಡಿದೋರು ನೀವೇ ಅಲ್ವಾ? ಜನರೇ ಹೇಳಿದ್ರು ಅಂತ ಬೇರೆ ಬರೆದಿದೀರ. ಈಗ ತಿದ್ದಿದ್ರೆ ಇಡೀ ವರದಿ ಮೇಲೆ ಅನುಮಾನ ಬರುತ್ತೆ."

"ತಪ್ಪು ಇದ್ದರೆ ಅನುಮಾನ ಬರಬೇಕಲ್ಲ ಸರ್."

"ನೀವು ಗಾಳಿ ಅಳೆಯೋಕೆ ಹೋಗಿದೀರ. ಗಾಳಿ ಅಳೀರಿ."

ಆ ವಾರವೆಲ್ಲ ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ. ಊಟಕ್ಕೆ ಕೂತವಳು ಅರ್ಧಕ್ಕೆ ಎದ್ದೆ. ಬ್ಯಾಡಗಿ ಪೇಟೆಗೆ ಹೋಗಿ ಸುಮ್ಮನೆ ಚೀಲಗಳ ನಡುವೆ ತಿರುಗಿ ಬಂದೆ. ಕುಪ್ಪೇಲೂರಿನಲ್ಲಿರುವ ಅಕ್ಕನ ಮನೆಗೆ ಹೋಗಿ ಚಹಾ ಆರುವ ಮುಂಚೆ ಹೊರಟೆ. ಆಕೆ "ಬಂದೀದಿ ಯಾಕ, ಹೊಂಟೀದಿ ಯಾಕ?" ಅಂದಳು.

ಕೊನೆಗೆ ಊರಿನ ತಲಾಠಿಯನ್ನು ಕಂಡೆ. ಭೂಮಿಯ ದಾಖಲೆ ನೋಡಿಕೊಳ್ಳುವ ಅವರು ಉತಾರ, ಅಂದರೆ ಪಹಣಿ, ತೆಗೆದು ಬೆರಳಿಟ್ಟು ತೋರಿಸಿದರು.

"ದಾಖಲೆದಾಗ ಸರಕಾರಿ ಖರಾಬು, ಬೀಳು ಭೂಮಿ ಐತ್ರಿ. ಕಣ ಅಂತ ಎಲ್ಲೂ ಇಲ್ಲ. ಅವರು ಒಣಗಸೂದು ನನಗೂ ಗೊತ್ತೈತಿ, ಆದ್ರ ಕಾಗದದ ಮ್ಯಾಲೆ ಗೊತ್ತಿಲ್ಲ. ನೀವು ಬರದ್ರ ಗೊತ್ತಾದಂಗ ಆಕ್ಕೈತಿ. ಆಮ್ಯಾಲ ಮ್ಯಾಲಿನವರು ಕೇಳಿದ್ರ ನಾ ನೋಟಿಸ್ ಕೊಡಬೇಕಾಕ್ಕೈತಿ. ಇಬ್ಬರಿಗೂ ಸಂಕಟ ಮಾಡಬ್ಯಾಡ್ರಿ."

ಹೀಗೆ ಸಿಕ್ಕಿಬಿದ್ದೆ. ಬರೆಯದಿದ್ದರೆ ಕಣದ ಮೇಲೆ ರಸ್ತೆ. ಬರೆದರೆ ಹೆಂಗಸರ ಮನೆಗೆ ನೋಟಿಸ್. ಸಂಯೋಜಕರು, ತಲಾಠಿ ಇಬ್ಬರನ್ನೂ ಬಿಟ್ಟು ಕೇಳಬೇಕಾದವಳು ಒಬ್ಬಳೇ ಉಳಿದಿದ್ದಳು.

ದೊಡ್ಡವ್ವ ಈ ಸಲ ಕೂರಲು ಚೀಲ ಹಾಸಿದಳು. ಹದಿನೆಂಟೂ ಮನೆಯವರದು ಲಾವಣಿಗೆ, ಅಂದರೆ ಗೇಣಿಗೆ ಹಿಡಿದ ಹೊಲ, ಬರೀ ಎರೆ. ಯಾರಿಗೂ ಸ್ವಂತ ಕಣವಿಲ್ಲ. ಎರೆಯಲ್ಲೇ ಯಾಕೆ ಒಣಗಿಸಬಾರದು ಎಂದು ಕೇಳಿದೆ. ಎದ್ದು, ಪಕ್ಕದ ಹೊಲಕ್ಕೆ ಕರೆದುಕೊಂಡು ಹೋಗಿ, ಬೆಳಿಗ್ಗೆ ಅಲ್ಲಿ ಹರವಿಟ್ಟಿದ್ದ ಒಂದು ಹಿಡಿ ಕಾಯಿಯನ್ನು ತಿರುವಿ ತೋರಿಸಿದಳು. ತಳ ತಣ್ಣಗೆ, ಮೆತ್ತಗೆ.

"ಎರಿ ಮಣ್ಣು ಕುಡದಿದ್ದ ನೀರ ಹಗಲೆಲ್ಲಾ ಬಿಡತೈತ್ರಿ. ಕಾಯಿ ತಳ ಕಪ್ಪ ಆಕ್ಕೈತಿ. ಬ್ಯಾಡಗಿ ಪ್ಯಾಟ್ಯಾಗ ಬಣ್ಣ ನೋಡಿ ತಗೊಳ್ಳೋ ಮಂದಿ, ಕಪ್ಪ ತಳದ್ದನ್ನ ಮೂಸಿನೂ ನೋಡಂಗಿಲ್ಲ. ಕಣ ಇಲ್ಲಂದ್ರ ಹಸೇ ಕಾಯಿ ಹೊಲದಾಗ ಕೊಡಬೇಕು. ಆವಾಗ ವ್ಯಾಪಾರಿ ಹೇಳಿದ್ದ ರೇಟು, ನಾವು ಕೇಳಿದ್ದಲ್ಲ."

"ರಸ್ತೆದವರಿಗೂ ಇದ ಗರಸ ಬೇಕಂತ ದೊಡ್ಡವ್ವಾ. ಎರಿಯಾಗ ಸೇತುವಿ ಕುಂದ್ರಂಗಿಲ್ಲಂತ."

"ನಮ್ಮ ಕಾಯಿನೂ ಕುಂದ್ರಂಗಿಲ್ರಿ," ಎಂದು ಮೊದಲ ಸಲ ನಕ್ಕಳು.

ಕಲ್ಲಿನ ಕಥೆಯನ್ನೂ ಆಗಲೇ ಹೇಳಿದಳು. ಆಕೆ ಸೊಸೆಯಾಗಿ ಬಂದ ಹೊಸತರಲ್ಲಿ ಒಬ್ಬ ಸಾಹೇಬರು ಬಂದು "ಇಲ್ಲಿ ಯಾರು ಒಣಗಸ್ತೀರಿ" ಎಂದು ನಯವಾಗಿ ಕೇಳಿದರಂತೆ. ಅತ್ತೆ ನಂಬಿ "ನಾವರಿ" ಅಂದಳು. ಎಂಟು ದಿನಕ್ಕೆ ಒತ್ತುವರಿ ಎಂದು ಬೋರ್ಡು ನೆಟ್ಟರು. ಎರಡು ಸುಗ್ಗಿ ಕಣ ಇಲ್ಲದೆ ಹೋಯಿತು. ಬೋರ್ಡು ಗಾಳಿಗೆ ಬಿದ್ದ ಮೇಲೆ ಮತ್ತೆ ಬಂದರು, ಆದರೆ ಒಂದು ಕಟ್ಟಳೆ ಮಾಡಿಕೊಂಡು. ಕೊನೆಯ ಚೀಲ ಪೇಟೆಗೆ ಹೋದ ದಿನ ಎಲ್ಲರೂ ಸೇರಿ ಕಲ್ಲೆತ್ತಿ ಬೇವಿನ ಬುಡಕ್ಕೆ ಗುಡ್ಡೆ ಹಾಕುವುದು, ನೆಲದ ಮೇಲೆ ಒಂದು ಗುರುತೂ ಬಿಡಬಾರದು. ಯಾರಾದರೂ ಕೇಳಿದರೆ ಜಾಗ ಖಾಲಿ. ಸುಗ್ಗಿ ಬಂದಾಗ ಯಾರ ಕಲ್ಲು ಯಾವುದೆಂದು ಅವರವರಿಗೆ ಗೊತ್ತು.

"ನಾ ನಿಮ್ಮ ಹೆಸರು ಬರಿಯಂಗಿಲ್ಲ," ಅಂದೆ. "ಆಗಸ್ಟದಾಗ ನಾ ಬರದದ್ದು ತಪ್ಪೈತಿ ಅಂತ ಬರೀತೇನಿ. ಅಷ್ಟ. ಆದ್ರ ನೀವು ಬ್ಯಾಡಂದ್ರ ಅದನ್ನೂ ಬರಿಯಂಗಿಲ್ಲ."

"ನಾ ಹೇಳಿದ್ದ ನೀವು ಬರದ್ರಿ. ತಪ್ಪು ನಿಮ್ಮದೆಂಗ ಆಕ್ಕೈತಿ?"

"ಮಳಿಗಾಲದಾಗ ಬಂದು ಕಣ ಕೇಳಿದಾಕಿ ನಾನಲ್ಲೇನು?"

ಎಲ್ಲರೂ ಕೂತು ಮಾತಾಡುತ್ತೇವೆ ಅಂದಳು. ಐದು ದಿನ ಸುದ್ದಿಯಿಲ್ಲ. ಕಾಯುವುದು ನನಗೆ ಬಾರದ ವಿದ್ಯೆ. ಆ ಐದು ದಿನದಲ್ಲಿ ಸ್ಕೂಟರಿನ ಎಣ್ಣೆ ಸುಟ್ಟದ್ದೇ ಬಂತು. ಆರನೆಯ ದಿನ ಗೊತ್ತಿಲ್ಲದ ನಂಬರಿನಿಂದ ದೊಡ್ಡವ್ವನ ಫೋನು. "ಬರೀರಿ. ಹೆಸರ ಬ್ಯಾಡ." ಅಷ್ಟೇ ಹೇಳಿ ಇಟ್ಟಳು.

ನಮೂನೆಯಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ, ಮೇಲೆ ಬಿಳಿ ಬಳಿಯುವಂತಿಲ್ಲ. ಹಳೆಯದು ಓದಲು ಸಿಗುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿ, ತಿದ್ದೋಲೆ ಲಗತ್ತಿಸಬೇಕು. ಏನು ಬರೆದಿದ್ದೆ, ಯಾಕೆ ತಪ್ಪು, ಈಗ ಹೇಗೆ ಗೊತ್ತಾಯಿತು. ಬೇವಿನ ಮರ ಚೌಕಟ್ಟಿನ ಒಳಗೆ ಬರುವ ಹಾಗೆ ಒಂದೇ ಜಾಗದಲ್ಲಿ ನಿಂತು ನಾಲ್ಕು ದಿನಕ್ಕೊಮ್ಮೆ ಫೋಟೊ ತೆಗೆದೆ. ಮುಖ ಯಾರದೂ ಕಾಣದಂತೆ, ಬರೀ ನೆಲ. ದಿಬ್ಬದ ಮೇಲೂ ಹೊಲದಲ್ಲೂ ಕಬ್ಬಿಣದ ಬಳೆ ಹೂತು ನೀರು ಸುರಿದು ಎಷ್ಟು ಹೊತ್ತಿಗೆ ಇಂಗುತ್ತದೆಂದು ಗಡಿಯಾರ ಹಿಡಿದು ಕೂತೆ. ದಿಬ್ಬದಲ್ಲಿ ನೀರು ನೋಡನೋಡುತ್ತಿದ್ದಂತೆ ಇಳಿಯಿತು. ಎರೆಯಲ್ಲಿ ಕಾಯುತ್ತ ನನ್ನ ಕಾಲು ಜೋಮು ಹಿಡಿಯಿತು. ಕೆಂಪು ಹಾಳೆಗಳನ್ನು ರದ್ದು ಮಾಡದೆ ಗಾಳಿಯ ದಿಕ್ಕಿನ ಜೊತೆ ಸೇರಿಸಿದೆ. ಕೊನೆಗೆ ಆಗಸ್ಟಿನ ಕಲ್ಲಿನ ಗುಡ್ಡೆಯ ಫೋಟೊ, ಪಕ್ಕದಲ್ಲಿ ಫೆಬ್ರವರಿಯ ಕಲ್ಲಿನ ಸಾಲಿನ ಫೋಟೊ. ಎರಡರಲ್ಲೂ ಬಿಳಿ ಗೆರೆಯ ಕಲ್ಲು.

ಸಂಯೋಜಕರು ಅದನ್ನು ಪೂರಾ ಓದಿದರು. "ನಿಮ್ಮ ಸಹಿ, ನಿಮ್ಮ ಜವಾಬ್ದಾರಿ," ಅಂದರು. ವರದಿಯ ಕಟ್ಟಕಡೆಯ ಅನುಬಂಧವಾಗಿ ಸೇರಿಸಿದರು. ಆಯ್ಕೆಗಳ ಪಟ್ಟಿಯನ್ನು ಮುಟ್ಟಲಿಲ್ಲ. ಅಲ್ಲಿ ದಿಬ್ಬವೇ ಗೆದ್ದಿತ್ತು.

ಬೇಸಿಗೆಯ ಕೊನೆಗೆ ಸಾರ್ವಜನಿಕ ಆಲಿಕೆ ಬಂತು. ಯೋಜನೆಯ ಬಗ್ಗೆ ಯಾರು ಏನು ಬೇಕಾದರೂ ಹೇಳಬಹುದಾದ ಸಭೆ. ಹೇಳಿದ್ದೆಲ್ಲ ನಡಾವಳಿಯಲ್ಲಿ ಸೇರಿ ದೆಹಲಿಯವರೆಗೆ ಹೋಗುತ್ತದೆ. ಶಾಲೆಯ ಬಯಲಿನಲ್ಲಿ ಶಾಮಿಯಾನ. ಮುಂದಿನ ಕುರ್ಚಿಗಳಲ್ಲಿ ಪೇಟೆಯವರು, ಸುತ್ತಲಿನ ಊರಿನ ಹಿರಿಯರು. ಹೆಚ್ಚಿನವರು ವಿಮಾನ ಬರಲಿ ಎಂದರು. ನನಗೂ ಬರಬಾರದೆಂದೇನೂ ಇರಲಿಲ್ಲ. ಹಿಂದಿನ ಜಮಖಾನೆಯ ಮೇಲೆ ದಿಬ್ಬದ ಹೆಂಗಸರು ಸೆರಗು ಹೊದ್ದು ಕೂತಿದ್ದರು. ತಾವು ಮಾತಾಡುವುದಿಲ್ಲ ಎಂದು ನನಗೆ ಮೊದಲೇ ಹೇಳಿದ್ದರು.

ಅಧ್ಯಕ್ಷತೆ ವಹಿಸಿದ್ದ ಅಪರ ಜಿಲ್ಲಾಧಿಕಾರಿ ವರದಿಯನ್ನು ಹಿಂದಿನಿಂದ ಓದುವ ಪೈಕಿ. ಕೊನೆಯ ಅನುಬಂಧ ತೆಗೆದು, "ಇದೇನು ತಿದ್ದೋಲೆ?" ಎಂದು ಕೇಳಿದರು. ಸಂಯೋಜಕರು ನನ್ನ ಕಡೆ ನೋಡಿದರು. ಎದ್ದು ಹೇಳಿದೆ. ಆಗಸ್ಟಿನಲ್ಲಿ ಬಳಕೆ ಇಲ್ಲ ಎಂದು ಬರೆದದ್ದು ನಾನು, ಅದು ತಪ್ಪು, ಸುಗ್ಗಿಯಲ್ಲಿ ಅದು ಕಣ.

ಮುಂದಿನ ಸಾಲಿನ ವ್ಯಾಪಾರಿಯೊಬ್ಬರು ಕೂತಲ್ಲಿಂದಲೇ ಅಂದರು: "ಒಮ್ಮಿ ಇಲ್ಲ ಅಂತೀರಿ, ಒಮ್ಮಿ ಐತಿ ಅಂತೀರಿ. ಹಾಳಿ ಬದಲಿ ಮಾಡಿದ್ರ ಕಣ ಹುಟ್ಟತೈತೇನ್ರಿ ಬಾಯಾರ?"

ಜನ ನಕ್ಕರು. ಹಳ್ಳಕ್ಕೆ ಬಿದ್ದವಳಿಗೆ ಆಳಿಗೊಂದು ಕಲ್ಲು. ನಾನು ಬಿದ್ದದ್ದಂತೂ ಹೌದು, ಹೊಡೆಸಿಕೊಂಡೆ.

ಅಧಿಕಾರಿ ಮೈಕಿನಲ್ಲಿ ಕೇಳಿದರು. "ಆ ಜಾಗ ಬಳಸುವವರು ಯಾರಾದರೂ ಇಲ್ಲಿದ್ದೀರಾ?"

ಯಾರೂ ಏಳಲಿಲ್ಲ. ಶಾಮಿಯಾನದ ಬಟ್ಟೆ ಪಟಪಟ ಎನ್ನುತ್ತಿತ್ತು. ಅವರ ಪರವಾಗಿ ನಾನು ಮಾತಾಡುವಂತಿಲ್ಲ, ಹೆಸರು ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಹಿಂದಿರುಗಿ ನೋಡಬಾರದು, ನೋಡಿದರೆ ತೋರಿಸಿಕೊಟ್ಟಂತೆ ಎಂದು ಮೇಜಿನ ಅಂಚು ಹಿಡಿದು ನಿಂತೆ. ಅಧಿಕಾರಿ ಅನುಬಂಧ ಮುಚ್ಚಿದರು. ಪುಟ ಮಗುಚಿದರು.

"ನನಗೊಂದು ಮಾತೈತ್ರಿ ಸಾಹೇಬ್ರ."

ದೊಡ್ಡವ್ವ ಜಮಖಾನೆಯಿಂದ ಎದ್ದು ನಡುವಿನ ದಾರಿಯಲ್ಲಿ ಬರುತ್ತಿದ್ದಳು. ಮೈಕು ಕೊಟ್ಟರೆ ದೂರ ಸರಿಸಿದಳು. ಆಕೆಗೆ ಅದು ಬೇಕಾಗಿರಲಿಲ್ಲ.

"ಆ ಜಾಗಾ ನಮ್ಮದಲ್ರಿ. ನಮ್ಮದಂತ ಯಾವತ್ತೂ ಅಂದಿಲ್ಲ. ಆದ್ರ ಕಾಯಿ ಅಲ್ಲೇ ಒಣಗಸ್ತೇವಿ. ನಮ್ಮ ಅತ್ತಿ ಒಣಗಸ್ತಿದ್ಲು, ನಾ ಒಣಗಸ್ತೇನಿ. ಮಳಿಗಾಲದಾಗ ಈ ಬಾಯಾರ ಬಂದು ಕೇಳಿದ್ರು. ಕಣ ಐತೇನು ಅಂತ ಬಾಯಿ ಬಿಟ್ಟು ಕೇಳಿದ್ರು. ನಾ ಇಲ್ಲಂದೆ. ಅಂಜಿ ಇಲ್ಲಂದೆ. ಆ ಸುಳ್ಳ ನಂದ್ರಿ. ಅವರು ತಮ್ಮ ತಪ್ಪು ಅಂತ ಬರಕೊಂಡಾರ, ಅದನ್ನ ಹೊಡದು ಹಾಕ್ರಿ."

ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಸರಕಾರದ ಎದುರು ಇಷ್ಟು ವರ್ಷ ಖಾಲಿ ಎಂದ ಹೆಂಗಸು ಈಗ ನನ್ನ ಸಹಿಯ ಮರ್ಯಾದೆ ಉಳಿಸಲು ಬಾಯಿ ಬಿಟ್ಟಿದ್ದಳು.

"ಎಷ್ಟು ಮನೆ?" ಅಧಿಕಾರಿ ಕೇಳಿದರು.

"ಹದಿನೆಂಟ್ರಿ."

"ಯಾರ್ಯಾರು?"

"ನಾ ಒಬ್ಬಾಕಿರಿ. ಉಳದವರ ಹೆಸರ ನಾ ಹೇಳಂಗಿಲ್ಲ. ಅವರಿಗೆ ಬಾಯಿ ಐತಿ."

ಜಮಖಾನೆಯ ಮೇಲೆ ಒಬ್ಬಳು ಎದ್ದಳು. ಪಕ್ಕದವಳು ಎದ್ದಳು. ಆಮೇಲೆ ಎಣಿಸುವುದು ನನ್ನಿಂದಾಗಲಿಲ್ಲ. ಕೊನೆಗೆ ನೋಡಿದಾಗ ಒಬ್ಬಳು ಮಾತ್ರ ತಲೆ ತಗ್ಗಿಸಿ ಕೂತಿದ್ದಳು. ಆಕೆಯ ಅಂಜಿಕೆ ಆಕೆಗೆ. ಅಧಿಕಾರಿ ಬದಿಗೆ ನಿಂತಿದ್ದ ತಲಾಠಿಯ ಕಡೆ ತಿರುಗಿ, "ಬಳಕೆ ಬೇರೆ, ಒತ್ತುವರಿ ಬೇರೆ. ಯಾರಿಗೂ ನೋಟಿಸ್ ಹೋಗಬಾರದು, ಇದನ್ನೂ ನಡಾವಳಿಯಲ್ಲಿ ಬರೆದುಕೊಳ್ಳಿ," ಎಂದರು. ತಲಾಠಿ ಬರೆದುಕೊಂಡದ್ದು ನೋಡಿದರೆ ಅವರಿಗೇ ಹೆಚ್ಚು ಹಗುರಾದಂತಿತ್ತು.

ದೆಹಲಿಯ ಸಮಿತಿ ವರದಿಯನ್ನು ಹಿಂದಕ್ಕೆ ಕಳಿಸಿತು. ಆಯ್ಕೆಗಳ ಪಟ್ಟಿಗೆ ಮತ್ತೆ ಅಂಕ ಹಾಕಿ, ದಕ್ಷಿಣದ ಸುತ್ತನ್ನು ಸೇತುವೆಯ ಸಮೇತ ವಿನ್ಯಾಸ ಮಾಡಿ ತನ್ನಿ ಎಂದು ಬರೆದಿತ್ತು. ದಕ್ಷಿಣದ ಹೊಲದವರು ಈಗ ನನ್ನನ್ನು ಕಂಡರೆ ಮಾತಾಡಿಸುವುದಿಲ್ಲ. ಅವರ ದೂರೂ ದೂರೇ, ಆದರೆ ಅವರಿಗೆ ಪಹಣಿ ಇದೆ, ಪರಿಹಾರ ಕೇಳುವ ಹಕ್ಕಿದೆ. ನನ್ನನ್ನು ಆ ಯೋಜನೆಯಿಂದ ತೆಗೆದು ಬೇರೆ ಜಿಲ್ಲೆಗೆ ಹಾಕಿದರು. ಶಿಕ್ಷೆಯೇ ಎಂದು ಕೇಳಿದರೆ ಸಂಯೋಜಕರು "ಅಲ್ಲ ಕಣ್ರೀ, ಸುಮ್ನೆ," ಅಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಿತ್ತು ಅವರ ದನಿ.

ಆಗಸ್ಟಿನಲ್ಲಿ ರಾಣೆಬೆನ್ನೂರಿಗೆ ಬಂದವಳು ಮನೆಯಲ್ಲಿ ಕೂರಲಾರದೆ ದಿಬ್ಬಕ್ಕೆ ಹೋದೆ. ಕೆಲಸವಿರಲಿಲ್ಲ, ಹಾಳೆಯೂ ಇರಲಿಲ್ಲ. ಹೋದ ವರ್ಷದಂಥದೇ ಜಿಟಿಜಿಟಿ ಮಳೆ, ಮೊಣಕಾಲುದ್ದ ಹುಲ್ಲು. ದೊಡ್ಡವ್ವ ಗೊಪ್ಪೆ ಹಾಕಿಕೊಂಡು ಆಡು ಕಾಯುತ್ತಿದ್ದಳು. ಮನೆಮಂದಿ ಹೇಗಿದ್ದಾರೆ, ಮಳೆ ಹೇಗೆ ಎಂದು ಮಾತಾಡುತ್ತ ಇಬ್ಬರೂ ಬೇವಿನ ಮರದ ಕಡೆ ನಡೆದೆವು. ನಾನು ಎಂದಿನಂತೆ ನಾಲ್ಕು ಹೆಜ್ಜೆ ಮುಂದೆ. ಮರದ ಬುಡ ಬರಿದಾಗಿತ್ತು. ಗುಡ್ಡೆ ಇರಲಿಲ್ಲ. ಕಲ್ಲುಗಳೆಲ್ಲ ಎಲ್ಲಿ ಹೋದವು ಎಂದು ಕೇಳಲು ತಿರುಗುವಷ್ಟರಲ್ಲಿ ಹುಲ್ಲಿನೊಳಗೆ ಏನೋ ಬಲವಾಗಿ ಕಾಲಿಗೆ ತಾಗಿ ಮುಗ್ಗರಿಸಿದೆ. ಬಗ್ಗಿ ಹುಲ್ಲು ಸರಿಸಿ ನೋಡಿದರೆ ಬಿಳಿ ಗೆರೆಯ ಕಲ್ಲು, ಸುಗ್ಗಿಯಲ್ಲಿ ಇದ್ದ ಮೂಲೆಯಲ್ಲೇ.

"ನೋಡಿ ನಡೀರಿ ಬಾಯಾರ," ಹಿಂದಿನಿಂದ ದೊಡ್ಡವ್ವ ಅಂದಳು. "ಅದು ನಂದು."